ಮೀಸೆ ಬಿಟ್ಟು ಹಾಡದ ದೊಡ್ಡತ್ತೆ

ಹಾಡಲು ಶುರು ಮಾಡುವ ಮುಂಚೆ ದೊಡ್ಡತ್ತೆ ಬಾಯಲ್ಲಿದ್ದ ಎಲೆಅಡಿಕೆಯನ್ನು ಎಡಗೆನ್ನೆಗೆ ತಳ್ಳುತ್ತಿದ್ದರು. ಆ ಕೆನ್ನೆ ನಿಂಬೆಹಣ್ಣಿನಷ್ಟು ಉಬ್ಬಿತೆಂದರೆ ಮದುವೆ ಚಪ್ಪರದಲ್ಲಿದ್ದ ಬೀಗರೆಲ್ಲ ಪಂಚೆ ಸರಿಮಾಡಿಕೊಂಡು ನೆಟ್ಟಗೆ ಕೂರುತ್ತಿದ್ದರು. ಇನ್ನು ತಮ್ಮ ಮಾನ ಹರಾಜಾಗುತ್ತದೆ ಎಂದು ಅವರಿಗೆ ಗೊತ್ತು. ಅವರು ಕಾಯುತ್ತಿದ್ದುದೂ ಅದಕ್ಕೇ.

ಅವರು ನಮ್ಮ ಯಜಮಾನರ ಸೋದರತ್ತೆ. ಶೆಟ್ಟಿಕೆರೆಯಲ್ಲಿ ನಮ್ಮ ಹಿತ್ತಲಿಗೂ ಅವರ ಹಿತ್ತಲಿಗೂ ನಡುವೆ ಒಂದು ಬೇಲಿ ಮಾತ್ರ. ನಾನು ದೀಪ ಹಚ್ಚಿ ದೇವರನಾಮ ಹೇಳಿಕೊಳ್ಳುವವಳು. ಅವರ ಬಾಯಲ್ಲಿ ಇದ್ದದ್ದು ಬೀಗರ ಹಾಡು. ಹೆಣ್ಣಿನ ಕಡೆಯವರು ಗಂಡಿನ ಕಡೆಯವರನ್ನು, ಅವರು ಇವರನ್ನು ಹಾಡಿನಲ್ಲೇ ಬೈದುಕೊಳ್ಳದೆ ನಮ್ಮ ಕಡೆ ಮದುವೆ ಮುಗಿಯುತ್ತಿರಲಿಲ್ಲ.

ನನ್ನ ಮದುವೆ ಆದದ್ದು ಗಂಡಿನ ಮನೆಯಲ್ಲಿ. ತುರುವೇಕೆರೆ ಕಡೆಯಿಂದ ನಮ್ಮವರು ಬಂದು ಇಳಿದಿದ್ದರಷ್ಟೆ, ಕೈಕಾಲು ಕೂಡ ತೊಳೆದಿರಲಿಲ್ಲ, ದೊಡ್ಡತ್ತೆಯ ಪದ ಬಂತು:

ಬಂಡೀಲಿ ಬಂದಾರೆ ಬರಗಾಲದ ಬೀಗರು
ಚಪ್ಪರದ ಗರಿಯ ಎತ್ತಿ ಕಟ್ಟೆ – ನನ ತಂಗಿ
ಚಪ್ಪರಿಸಿ ಅದನೂ ಮೆಂದಾರು

ನಾನು ತಲೆ ತಗ್ಗಿಸಿ ಅತ್ತುಬಿಟ್ಟೆ. ನಮ್ಮವ್ವ ಅಳಲಿಲ್ಲ. ಸೆರಗು ಸಿಕ್ಕಿಸಿಕೊಂಡು ತಿರುಗಿ ಒಂದು ಪದ ಹಾಡಿದರು. ದೊಡ್ಡತ್ತೆ ಓಡಿ ಬಂದು ಅವರ ಕೈ ಹಿಡಿದುಕೊಂಡು, "ಸರಿಯಾದ ಬೀಗಿತ್ತಿ ಸಿಕ್ಕಿದ್ಲು ಕಣ್ರೇ" ಎಂದು ಒಳಗೆ ಕರೆದುಕೊಂಡು ಹೋಗಿ ತಾವೇ ಬಡಿಸಿದರು.

ಅದೇ ಚಪ್ಪರದಲ್ಲಿ ನಮ್ಮ ಸೋದರಮಾವ ಕುಂಟುತ್ತ ಓಡಾಡುತ್ತಿದ್ದರು. ಯಾರೋ ಹೆಂಗಸರು, "ಅವನ ಕಾಲಿನ ಮೇಲೊಂದು ಪದ ಕಟ್ಟಕ್ಕ" ಎಂದು ಚುಚ್ಚಿದರಂತೆ. ದೊಡ್ಡತ್ತೆ ಅವರ ಕಡೆ ತಿರುಗಿ, "ಕಾಲು ದೇವ್ರು ಕೊಟ್ಟಿದ್ದು ಕಣೇ, ಅವನೇನು ಅಂಗಡೀಲಿ ಆರಿಸ್ಕಂಡು ತಂದ್ನಾ? ಅವನ ಜುಗ್ಗತನ ಬೇಕಾದ್ರೆ ಹಾಡ್ತೀನಿ, ಅದು ಅವನದೇ" ಎಂದರು. ಹಾಗೇ ಹಾಡಿದರು. ಮಾವ ಬಿದ್ದು ಬಿದ್ದು ನಕ್ಕರು. ಬೈಸಿಕೊಂಡವರಿಗೆ ತಿರುಗಿ ಬೈಯಲು ಜಾಗ ಬಿಡಬೇಕು, ಅದಿಲ್ಲದಿದ್ದರೆ ಅದು ಹಾಡಲ್ಲ, ಹೊಡೆತ ಎನ್ನುತ್ತಿದ್ದರು ದೊಡ್ಡತ್ತೆ.

ಅವರ ಮಗಳನ್ನು ಕಂದಿಕೆರೆಗೆ ಕೊಟ್ಟಿದ್ದರು. ಆ ಮದುವೆಯ ಗಡಿಬಿಡಿಯಲ್ಲಿ ಅಳಿಯನ ತಂದೆಯ ಮೇಲೆ ಪದ ಹಾಡುವುದು ಮರೆತುಹೋಯಿತು. ಬೀಗರು ಎಲೆ ಮುಂದೆ ಕೂತು ಕೈ ಕಟ್ಟಿಬಿಟ್ಟರು. "ನಾನೇನು ಲೆಕ್ಕಕ್ಕೇ ಇಲ್ವಾ? ಅಡಿಗೆಯೋನ್ನೂ ಬೈದ್ರಿ, ನನ್ನ ಬೈಲಿಲ್ಲ." ದೊಡ್ಡತ್ತೆ ಅಲ್ಲೇ ನಿಂತು ಕಟ್ಟಿದರು:

ಬೀಗಣ್ಣನ ಮೀಸೆ ತೆಂಗಿನ ಜುಂಗಂತೆ
ಕಿತ್ತು ಕೊಡಿರವ್ವ ಕೈಗೊಂದು – ನಾವಿಲ್ಲಿ
ತಳಹಿಡಿದ ಪಾತ್ರೆ ತಿಕ್ಕೇವು

ಬೀಗರು ಮೀಸೆ ತಿರುವಿ ಊಟಕ್ಕೆ ಕೈ ಹಾಕಿದರು.

ಎಪ್ಪತ್ತರ ದಶಕದಲ್ಲಿ ಒಂದು ಸಲ ರೇಡಿಯೋದವರು ಹಳ್ಳಿ ಹೆಂಗಸರ ಹಾಡು ಹಿಡಿದುಕೊಳ್ಳಲು ಊರಿಗೆ ಬರುತ್ತಾರೆಂದು ಸುದ್ದಿಯಾಯಿತು. ದೊಡ್ಡತ್ತೆಗೆ ಹಿಗ್ಗೋ ಹಿಗ್ಗು. ಅದು ಹೆಸರಿನ ಆಸೆಯಲ್ಲ. ಬೋರನಕಣಿವೆಯ ಹತ್ತಿರ ಅವರ ಅಕ್ಕ ಸೊಂಟ ಬಿದ್ದುಹೋಗಿ ಹಾಸಿಗೆ ಹಿಡಿದಿದ್ದರು. ಇಬ್ಬರೂ ಚಿಕ್ಕಂದಿನಲ್ಲಿ ಒಂದೇ ರಾಗಿಕಲ್ಲಿನ ಮುಂದೆ ಕೂತು ಹಾಡು ಕಲಿತವರು. ಇಂಥ ದಿನ ಸಂಜೆ ರೇಡಿಯೋ ಹಾಕಿಸ್ಕೋ ಎಂದು ದೊಡ್ಡತ್ತೆ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಅಕ್ಕನಿಗೆ ಹೇಳಿ ಕಳಿಸಿದರು. ಕಂದಿಕೆರೆ ಬೀಗರೂ ಹೆಂಡತಿಯನ್ನು ಕರೆದುಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದರು. ಅವರ ಮೀಸೆ ರೇಡಿಯೋದಲ್ಲಿ ಬರುವುದಿತ್ತಲ್ಲ.

ಸ್ಕೂಲಿನ ಕೋಣೆಯಲ್ಲಿ ಮೈಕು ಇಟ್ಟಿದ್ದರು. ಬಂದಿದ್ದ ಸಾಹೇಬರು ಒಳ್ಳೆಯವರೇ. ಹಾಡನ್ನೆಲ್ಲ ಕೇಳಿಸಿಕೊಂಡು, "ಅಮ್ಮಾ, ಗರಿ ಮೇಯುವ ಪದ, ಮೀಸೆಯ ಪದ ಬಿಟ್ಟುಬಿಡಿ. ಬನ್ನಿರಿ ಬೀಗರೆ ನಗುನಗುತಾ ಅಂತ ಸೇರಿಸಿಕೊಳ್ಳಿ. ಕೇಳುವವರಿಗೆ ನೋವಾಗಬಾರದು" ಎಂದರು.

"ಇದು ಬೈಯೋ ಹಾಡು ಕಣಪ್ಪ" ಎಂದರು ದೊಡ್ಡತ್ತೆ. "ನಿಂಗೆ ಆರತಿ ಹಾಡು ಬೇಕಾದ್ರೆ ಅದನ್ನೇ ಕೇಳು, ಹಾಡ್ತೀನಿ. ಇದಕ್ಯಾಕೆ ಆ ಸೀರೆ ಉಡುಸ್ತೀಯ?"

ಬೀಗರು ಹಿಂದಿನಿಂದ ಎದ್ದು ನಿಂತರು. "ಸ್ವಾಮಿ, ಅದು ನನ್ನ ಮೀಸೆ ಕಣ್ರೀ. ನಂಗಿಲ್ದಿರೋ ನೋವು ನಿಮಗ್ಯಾಕೆ?"

ಕೋಣೆಯೆಲ್ಲ ನಕ್ಕಿತು. ಸಾಹೇಬರೂ ನಕ್ಕರು. ಆದರೆ ಒಪ್ಪಲಿಲ್ಲ. "ನಿಮಗಿಲ್ಲ ಯಜಮಾನರೇ. ಮನೆಮನೆಯಲ್ಲೂ ಕೇಳುತ್ತಾರೆ. ಮೀಸೆ ಇರುವ ಇನ್ಯಾರೋ ದೂರು ಬರೆದರೆ ನಾನು ಮೇಲಿನವರಿಗೆ ಉತ್ತರ ಹೇಳಬೇಕು."

ಆ ಮಾತು ದೊಡ್ಡತ್ತೆಗೆ ತಾಕಿತು. "ನೀ ಹೇಳೋದ್ರಲ್ಲಿ ಒಂದು ನ್ಯಾಯ ಐತೆ. ರೇಡಿಯೋ ಕೇಳೋನು ತಿರುಗಿ ಬೈಯಂಗಿಲ್ಲ. ಅದಕ್ಕೆ ನಮ್ಮ ಬೀಗಿತ್ತಿ ಬಂದವ್ಳೆ, ಅವಳಿಗೂ ಮೈಕು ಕೊಡು. ನಾನು ಬೈತೀನಿ, ಅವಳು ನನ್ನ ಬೈಲಿ. ಎರಡೂ ಹಾಕು. ಕೇಳೋರು ನಗ್ತಾರೋ ಉಗೀತಾರೋ ಅವರಿಗೇ ಬುಡು."

ಅದಕ್ಕೂ ಸಾಹೇಬರು ತಲೆ ಅಲ್ಲಾಡಿಸಿದರು.

ನಾನು ಅವರ ಸೆರಗು ಜಗ್ಗಿದೆ. "ನಿಮ್ಮಕ್ಕ ಕಾಯ್ತಿರ್ತಾರೆ ದೊಡ್ಡತ್ತೆ. ಎರಡು ಪದ ಬಿಟ್ರೆ ಏನಾಯ್ತು?"

"ನಮ್ಮಕ್ಕಂಗೆ ಹಾಡು ಬಾಯಿಪಾಠ ಕಣೇ. ಬಿಟ್ಟಿದ್ದನ್ನೇ ಮೊದ್ಲು ಕೇಳ್ತಾಳೆ. ಏನಂತ ಹೇಳ್ಲಿ?"

ಕಿಟಕಿಯ ಹತ್ತಿರ ಹೋಗಿ ಎಲೆಅಡಿಕೆ ಉಗುಳಿ ಬಂದರು. ಅಲ್ಲಿಗೆ ಮುಗಿಯಿತು ಎಂದು ಎಲ್ಲರಿಗೂ ಗೊತ್ತಾಯಿತು. ಮಿಕ್ಕ ಹೆಂಗಸರು ಆರತಿ ಹಾಡು ಹಾಡಿದರು. ಅದು ರೇಡಿಯೋದಲ್ಲಿ ಬಂದ ಸಂಜೆ ದೊಡ್ಡತ್ತೆ ನಮ್ಮ ಮನೆಯಲ್ಲೇ ಕೂತು ಕೇಳಿ, "ಚೆನ್ನಾಗಿ ಹಾಡವ್ರೆ" ಎಂದರು. ಆಮೇಲೆ ಸೆರಗಿನಿಂದ ಬಾಯಿ ಒರೆಸಿಕೊಂಡರು, ಬಾಯಲ್ಲಿ ಏನೂ ಇರಲಿಲ್ಲ.

ಬೆಳಿಗ್ಗೆಯೇ ಅಕ್ಕನ ಊರಿಗೆ ಹೊರಟರು. ನನ್ನನ್ನೂ ಕರೆದುಕೊಂಡು ಹೋದರು. ಭಗವಂತನ ದಯೆ, ಬಸ್ಸು ಕೆಟ್ಟು ನಿಲ್ಲಲಿಲ್ಲ, ಕೂರಲು ಸೀಟೂ ಸಿಕ್ಕಿತು. ಅಕ್ಕ ಮುನಿಸಿಕೊಂಡು ಗೋಡೆ ಕಡೆ ತಿರುಗಿ ಮಲಗಿದ್ದರು. ನಡೆದದ್ದನ್ನೆಲ್ಲ ಕೇಳಿದ ಮೇಲೆ ಕತ್ತು ಮಾತ್ರ ಇತ್ತ ತಿರುಗಿಸಿದರು. "ಬಿಟ್ಟು ಹಾಡಿದ್ರೆ ಎದ್ದು ಬಂದು ಒದೀತಿದ್ದೆ ಕಣೇ." ಎಷ್ಟೋ ವರ್ಷದಿಂದ ಏಳಲಾಗದವರು ಆಡಿದ ಮಾತು. ಅಕ್ಕತಂಗಿಯರಿಬ್ಬರೂ ನಕ್ಕು ನಕ್ಕು ಕಣ್ಣಲ್ಲಿ ನೀರು ತಂದುಕೊಂಡರು. ಮೀಸೆಯ ಪದ ಅವತ್ತು ಆ ಹಾಸಿಗೆಯ ಪಕ್ಕ ದೊಡ್ಡತ್ತೆ ಪೂರ್ತಿ ಹಾಡಿದರು. ಆ ಅಕ್ಕ ಮುಂದಿನ ಬೇಸಿಗೆ ಕಾಣಲಿಲ್ಲ. ಕೇಳಿಯೇ ಹೋದರಲ್ಲ ಎಂದು ನಾನು ಇವತ್ತಿಗೂ ದೇವರಿಗೆ ಕೈ ಮುಗಿಯುತ್ತೇನೆ.

ದೊಡ್ಡತ್ತೆ ಹೋದದ್ದು ಅದಾಗಿ ಎಷ್ಟೋ ವರ್ಷದ ಮೇಲೆ. ತಿಥಿಯ ದಿನ ಫೋಟೋಗೆ ಮಾಲೆ ಹಾಕಿ, ಎಡೆ ಇಟ್ಟು ಎಲ್ಲರೂ ಕೂತಿದ್ದೆವು. ಕಂದಿಕೆರೆ ಬೀಗಿತ್ತಿ ಕೋಲೂರಿಕೊಂಡು ಬಂದು ಫೋಟೋ ಮುಂದೆ ಕೂತರು. ನಡುಗುವ ದನಿಯಲ್ಲಿ ಎತ್ತಿದರು:

ಊರೆಲ್ಲ ಬೈದೋಳೆ ಈಗ್ಯಾಕೆ ಸುಮ್ಮಗಿದ್ದೀ
ಮಾಲೆ ಹಾಕ್ಕೊಂಡು ಬಿಗುಮಾನ – ಬೀಗಿತ್ತಿ
ಸೋತೆ ಅಂತಾರು ಬಾಯ್ಬಿಡೆ

ಊರ ಹಿರಿಯರೊಬ್ಬರು, "ಸಾವಿನ ಮನೇಲಿ ಇದೇನಮ್ಮ ಅಸಹ್ಯ, ನಿಲ್ಸಿ" ಎಂದು ಗದರಿದರು. ಬೀಗಿತ್ತಿ ನಿಲ್ಲಿಸಿದರು. ಆದರೆ ಫೋಟೋ ಮೇಲಿಟ್ಟ ಕಣ್ಣು ತೆಗೆಯಲಿಲ್ಲ. ಬೈದವರಿಗೆ ಉತ್ತರ ಬರಬೇಕು. ಉತ್ತರ ಕೊಡಬೇಕಾದವರು ಮಾಲೆಯ ಹಿಂದೆ ಇದ್ದರು.

ದೇವರ ಮುಂದೆ ಬಿಟ್ಟರೆ ಬೇರೆಲ್ಲೂ ಬಾಯಿ ತೆರೆದು ಹಾಡಿದವಳಲ್ಲ ನಾನು. "ಅಸಹ್ಯ ಅಲ್ಲ ಕಣ್ರೀ ಗೌಡ್ರೇ, ಇದು ನಮ್ಮ ದೊಡ್ಡತ್ತೆಗೆ ಸಲ್ಲಬೇಕಾದ್ದು" ಎಂದೆ. ಬಾಯಲ್ಲಿ ಎಲೆಅಡಿಕೆ ಇರಲಿಲ್ಲ. ನಾಲಗೆಯನ್ನೇ ಎಡಗೆನ್ನೆಗೆ ಒತ್ತಿಕೊಂಡು, ಬೀಗಣ್ಣನ ಮೀಸೆ ತೆಂಗಿನ ಜುಂಗಂತೆ ಎಂದು ಎತ್ತಿದೆ. ಒಂದಕ್ಷರ ಬಿಡದೆ ಕೊನೆಯವರೆಗೂ ಹಾಡಿದೆ.

ಮೂಲೆಯಲ್ಲಿ ಕೂತಿದ್ದ ಬೀಗರ ಮೀಸೆ ಅಷ್ಟರಲ್ಲಿ ಪೂರಾ ಬೆಳ್ಳಗಾಗಿತ್ತು. ಅವರು ಕಣ್ಣೊರೆಸಿಕೊಂಡರು, ಪಂಚೆ ಸರಿಮಾಡಿಕೊಂಡರು, ನೆಟ್ಟಗೆ ಕೂತರು.