ಮೀಟರ್ ಏರಿದ್ದು ಯಾರ ತಪ್ಪಿಗೆ

ನಾನು ನಿವೃತ್ತನಾಗುವ ಹಿಂದಿನ ವರ್ಷದ ಮಾತು. ಆಗ ಗೋಣಿಕೊಪ್ಪದ ಒಂದು ಟ್ರ್ಯಾಕ್ಟರ್ ವರ್ಕ್‌ಶಾಪ್‌ನಲ್ಲಿ ಹಿರಿಯ ಮೆಕ್ಯಾನಿಕ್ ಆಗಿದ್ದೆ. ಜನವರಿ, ಕಾಫಿ ಪಿಕಿಂಗ್ ಭರದಲ್ಲಿತ್ತು. ಪಾಲಿಬೆಟ್ಟದ ಹತ್ತಿರದ ಎಸ್ಟೇಟೊಂದರಿಂದ ಮ್ಯಾನೇಜರ್ ಫೋನ್ ಮಾಡಿದರು. ಹಣ್ಣಿನ ಮೂಟೆಗಳನ್ನು ಸಿಪ್ಪೆ ಸುಲಿಯುವ ಪಲ್ಪರ್‌ಗೆ ಸಾಗಿಸುವ ಹಳೆಯ ಮಿನಿ ಟ್ರ್ಯಾಕ್ಟರ್ ಮತ್ತೆ ಹೀಟ್ ಆಗಿ ನಿಂತಿತ್ತು.

ಹೋಗಿ ನೋಡಿದರೆ ಬಾನೆಟ್ ಮೇಲೆಲ್ಲ ತುಕ್ಕುನೀರಿನ ಕಲೆ. ಡ್ರೈವರ್ ಮುರುಗನ್ ಎಲ್ಲಿ ಎಂದು ಮ್ಯಾನೇಜರನ್ನು ಕೇಳಿದೆ.

“ಆಸ್ಪತ್ರೇಲಿ. ಬಿಸಿ ಇರುವಾಗಲೇ ರೇಡಿಯೇಟರ್ ಮುಚ್ಚಳ ತೆಗೆದು ಕೈ, ಎದೆ ಸುಟ್ಕೊಂಡ. ಗಾಡಿ ಕೆಡಿಸಿದ್ದೂ ಅವನೇ. ಎಸ್ಟೇಟ್ ಕೊಟ್ಟ ಲೈನ್ ಮನೆ ಖಾಲಿ ಮಾಡ್ಲಿಕ್ಕೆ ಹೇಳಿದ್ದೀನಿ. ಓನರ್ ಮೇಡಂ ಬಂದ್ರೆ ನೀವೂ ಅದನ್ನೇ ಹೇಳಿ.”

ನೋಡದೆ ಏನನ್ನೂ ಹೇಳುವುದಿಲ್ಲ ಎಂದೆ.

ರೇಡಿಯೇಟರ್ ಕಟ್ಟಿಕೊಂಡಿರಲಿಲ್ಲ. ಫ್ಯಾನ್ ಬೆಲ್ಟ್ ಬಿಗಿಯಾಗಿತ್ತು. ಬಿಸಿಯಾದಾಗ ತೆರೆದು ನೀರನ್ನು ರೇಡಿಯೇಟರ್‌ಗೆ ಬಿಡುವ ಥರ್ಮೋಸ್ಟಾಟನ್ನು ಬಿಚ್ಚಿ ಕುದಿನೀರಿಗೆ ಹಾಕಿದೆ, ಸರಿಯಾಗಿಯೇ ತೆರೆಯಿತು. ಅಷ್ಟರಲ್ಲಿ ಮುರುಗನ್ ಹೆಂಡತಿ ಸೆಲ್ವಿ ಬಂದು ನಿಂತಳು.

“ಅಣ್ಣಾ, ಹೊಸ ಪೈಪ್ ಹಾಕಿದ ಮೇಲೇನೇ ಹೀಗಾಗೋದು ಅಂತ ಅವರು ಎಷ್ಟು ಸಲ ಹೇಳಿದ್ರು. ಏರು ಹತ್ತುವಾಗ ಹೀಟ್ ಮೀಟರ್ ಮೇಲೆ ಹೋಗ್ತದೆ. ಅವತ್ತೂ ನಡುದಾರೀಲಿ ನಿಲ್ಲಿಸಿ ಫೋನ್ ಮಾಡಿದ್ರು. ನೀರು ಹಾಕ್ಕೊಂಡು ಬೇಗ ಬಾ ಅಂತ ಈ ಮ್ಯಾನೇಜರೇ ಹೇಳಿದ್ದು.”

ಮ್ಯಾನೇಜರ್ ಬೇರೆ ಕಡೆ ನೋಡಿದರು.

ಎಲ್ಲ ಜೋಡಿಸಿ, ನೀರು ತುಂಬಿಸಿ ಎಂಜಿನ್ ಶುರು ಮಾಡಿದೆ. ನಿಧಾನಕ್ಕೆ ಓಡುವಾಗ ಏನೂ ತೊಂದರೆಯಿಲ್ಲ. ಬಿಸಿಯಾದ ಮೇಲೆ ರೇಸ್ ಕೊಟ್ಟೆ. ರೇಡಿಯೇಟರಿನಿಂದ ವಾಟರ್ ಪಂಪಿಗೆ ನೀರು ಒಯ್ಯುವ ಕೆಳಗಿನ ಹೋಸ್ ಪೈಪ್, ಹೀರಿದ ಸ್ಟ್ರಾ ಹಾಗೆ ಚಪ್ಪಟೆಯಾಯಿತು. ಪಂಪ್ ಎಳೆಯುವಾಗ ಕುಗ್ಗದಿರಲೆಂದು ಅದರೊಳಗೆ ತಂತಿಯ ಸ್ಪ್ರಿಂಗ್ ಇರಬೇಕು. ಬಿಚ್ಚಿ ನೋಡಿದರೆ ಸ್ಪ್ರಿಂಗೇ ಇಲ್ಲ. ತೋಟಕ್ಕೆ ನೀರು ಹಾಯಿಸುವ ಪೈಪಿನ ತುಂಡನ್ನು ಕತ್ತರಿಸಿ ಸಿಕ್ಕಿಸಿದ್ದರು.

“ಇದನ್ನು ಹಾಕಿಸಿದ್ದು ಯಾರು?”

“ಅರ್ಜೆಂಟಿತ್ತು, ಸ್ಟೋರಲ್ಲಿದ್ದದ್ದನ್ನ ನಾನೇ ಹಾಕಿಸ್ದೆ. ಈಗ ಹೊಸದು ಹಾಕಿ ಬೇಗ ಕೊಡಿ, ಹಣ್ಣು ಕೊಳೀತಾ ಉಂಟು.”

ಮನುಷ್ಯ ಮೈ ಬೆಂದು ಆಸ್ಪತ್ರೆಯಲ್ಲಿದ್ದಾನೆ, ಇವರಿಗೆ ಹಣ್ಣು ಕೊಳೆಯುವ ಚಿಂತೆ. ಸ್ಪ್ಯಾನರ್ ಕೆಳಗಿಟ್ಟೆ. ಟ್ರ್ಯಾಕ್ಟರಿನ ಕೀ ತೆಗೆದು ಜೇಬಿಗೆ ಹಾಕಿಕೊಂಡೆ. “ಮೇಡಂ ಬರಲಿ. ಅಲ್ಲಿಯವರೆಗೆ ಇದು ಇಲ್ಲಿಂದ ಕದಲೋದಿಲ್ಲ.”

ಬಂಗಲೆಯಿಂದ ಎಸ್ಟೇಟಿನ ಒಡತಿ ಬಂದರು. ಅದೇ ಪೈಪನ್ನು ಮತ್ತೆ ಸಿಕ್ಕಿಸಿ, ರೇಸ್ ಕೊಟ್ಟು ತೋರಿಸಿದೆ. ಅವರು ನೋಡಿ, ಮ್ಯಾನೇಜರ್ ಕಡೆ ತಿರುಗಿದರು.

“ಮುರುಗ ನಿಮಗೆ ಹೇಳಿರ್ಲಿಲ್ವಾ?”

“ಹೇಳಿದ್ದ ಮೇಡಂ. ಅವನು ದಿನಾ ಏನಾದ್ರೂ ಹೇಳ್ತಾನೇ ಇರ್ತಾನೆ.”

ಒಡತಿ ಸೆಲ್ವಿಗೆ ಮನೆ ಬಿಡಬೇಡ ಎಂದರು, ಆಸ್ಪತ್ರೆಯ ಖರ್ಚು ಎಸ್ಟೇಟಿನದು ಎಂದರು. ಆಮೇಲೆ ಸ್ಪ್ರಿಂಗ್ ಇರುವ ಹೊಸ ಹೋಸ್ ಹಾಕಿ ಕೀ ಕೊಟ್ಟೆ. ಮ್ಯಾನೇಜರ್ ಕೆಲಸದಲ್ಲೇ ಉಳಿದರು. ಮುರುಗನ್‌ನ ಬಲಗೈ ಬೆರಳುಗಳು ಪೂರ್ತಿ ಮಡಚುವುದಿಲ್ಲ. ಸ್ಟೇರಿಂಗ್ ಹಿಡಿಯಲಾಗದೆ ಈಗ ಕಣದಲ್ಲಿ ಕಾಫಿ ಹರಡುತ್ತಾನೆ. ಅದನ್ನು ನೆನೆದರೆ ನನಗೆ ಇಂದಿಗೂ ಸಿಟ್ಟು ಬರುತ್ತದೆ.

ಅಂದಿನಿಂದ ಎಲ್ಲಿಗೇ ಹೋದರೂ ಬಾನೆಟ್ ಎತ್ತುವ ಮೊದಲು ಡ್ರೈವರನ್ನು ಮಾತಾಡಿಸುತ್ತಿದ್ದೆ. ನಡುವೆ ಯಾರಾದರೂ ಬಾಯಿ ಹಾಕಿದರೆ ಒಂದೇ ಮಾತು ಕೇಳುತ್ತಿದ್ದೆ: “ಗಾಡಿ ಓಡಿಸೋದು ನೀವಾ?”