ಕುಂಕುಮ ಹಚ್ಚಿದ ಮೈನಸ್

ಗದಗಿನಿಂದ ಬಂದ ಮಡಿವಾಳಪ್ಪ ಪೀಣ್ಯ ಎರಡನೇ ಹಂತದ ಒಂದು ಸಣ್ಣ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಕರೆಂಟಿನ ಪ್ಯಾನೆಲ್‌ಗಳಿಗೆ ವೈರು ಜೋಡಿಸುತ್ತಿದ್ದರು. ಇಷ್ಟು ವರ್ಷದಲ್ಲಿ ತಮ್ಮ ಕೈಯಿಂದ ಒಂದೇ ಒಂದು ವೈರು ತಪ್ಪಿಲ್ಲ ಎಂದು ಅವರೇ ಹೇಳುತ್ತಿದ್ದರು. ಬೇರೆ ಯಾರೂ ಹೇಳಿದ್ದಿಲ್ಲ, ಹೇಳುವುದಕ್ಕೆ ಅವರು ಪುರಸೊತ್ತು ಕೊಟ್ಟಿದ್ದರೆ ತಾನೆ! ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಮೊದಲ ದಿನ ಚಹಾಕ್ಕಿಂತ ಮುಂಚೆ ಅವರ ಉಪದೇಶ ಸಿಗುತ್ತಿತ್ತು. "ಬಣ್ಣ ನಂಬಬ್ಯಾಡ, ಮೀಟರ್ ನಂಬು. ನನ್ನ ನೋಡು, ಇವತ್ತಿನತನಕ ಒಂದು ತಪ್ಪೈತೇನು?" ಕೇಳಿದವರು ಇಲ್ಲ ಎನ್ನಬೇಕು. ಎನ್ನದಿದ್ದರೆ ಇಪ್ಪತ್ತೆರಡು ವರ್ಷದ ಕಥೆಯನ್ನು ಮೊದಲಿನಿಂದ ಕೇಳಬೇಕಾಗುತ್ತಿತ್ತು.

ಚೊಕ್ಕಸಂದ್ರದಲ್ಲಿ ನಲ್ಲಪ್ಪನವರ ಎಂಟು ಮನೆಯ ವಠಾರದಲ್ಲಿ ಅವರ ಬಾಡಿಗೆ ಮನೆ. ಎದುರಿನ ಕೋಣೆಯಲ್ಲಿ ಸಿಂಧನೂರು ಕಡೆಯ ಸವಿತಾ ಇದ್ದಳು. ನಾಲ್ಕನೇ ಹಂತದ ಯೂನಿಟ್ಟೊಂದರಲ್ಲಿ ಅವಳಿಗೆ ಕೆಲಸ. ಚಿಕ್ಕಂದಿನ ಪೋಲಿಯೊ ಬಲಗಾಲನ್ನು ಸೊರಗಿಸಿತ್ತು. ಬಸ್ಸಿನ ಮೆಟ್ಟಿಲು ಹತ್ತುವುದು ಕಷ್ಟ, ನಡೆದು ಹೋಗುವುದು ಆಗದ ಮಾತು. ಅವಳನ್ನು ಏಳು ಗಂಟೆಯ ಪಾಳಿಗೆ ಮುಟ್ಟಿಸುತ್ತಿದ್ದದ್ದು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ ಒಂದು ಬ್ಯಾಟರಿ ಸ್ಕೂಟರು. ಸದ್ದಿಲ್ಲದೆ ಬರುವ ಆ ಗಾಡಿಗೆ ತುಮಕೂರು ರಸ್ತೆಯ ಲಾರಿಯವರು ಕವಡೆ ಕಾಸಿನ ಮರ್ಯಾದೆ ಕೊಡುತ್ತಿರಲಿಲ್ಲ. ಆದರೂ ಅದಿತ್ತೆಂದು ಅವಳ ಕೆಲಸವಿತ್ತು.

ಆ ವರ್ಷದ ಆಯುಧಪೂಜೆಯ ದಿನ ವಠಾರದ ಗಾಡಿಗಳೆಲ್ಲ ನಲ್ಲಿಯ ಮುಂದೆ ಸಾಲುಗಟ್ಟಿದ್ದವು. ಸವಿತಾ ಬಕೆಟ್ ಹಿಡಿದು ಬಂದದ್ದೇ ಮಡಿವಾಳಪ್ಪ ಅಡ್ಡ ನಿಂತರು.

"ಬ್ಯಾಟರಿ ಬಿಚ್ಚದ ನೀರ್ ಹಾಕ್ತಾರೇನು? ತಡಿ ತಂಗಿ, ನಾ ಬಿಚ್ಚಿ ಕೊಡ್ತೀನಿ. ಇದಕ್ಕ ತಿಳಿದವ್ರು ಬೇಕು."

ಸೀಟಿನ ಕೆಳಗಿಂದ ಬ್ಯಾಟರಿ ಪೆಟ್ಟಿಗೆ ಹೊರಬಂತು. ಪೆಟ್ಟಿಗೆಯಿಂದ ಹೊರಟ ಎರಡು ವೈರುಗಳೂ ಕಪ್ಪು. ಪ್ಲಸ್ ಯಾವುದೆಂದು ತಿಳಿಯಲು ಹಿಂದಿನ ಮೆಕ್ಯಾನಿಕ್ ಒಂದಕ್ಕೆ ಕೆಂಪು ಟೇಪು ಸುತ್ತಿದ್ದ. ಮಡಿವಾಳಪ್ಪ ಅದನ್ನು ನೋಡಿ, "ನೆನಪಿರ್ತದ ಬಿಡು" ಎಂದು ತಮಗೆ ತಾವೇ ಹೇಳಿಕೊಂಡರು.

ಗಾಡಿ ತೊಳೆದಾಯಿತು. ಮಡಿವಾಳಪ್ಪನ ಹೆಂಡತಿ ರುದ್ರಮ್ಮ ವಿಭೂತಿ, ಕುಂಕುಮದ ಬಟ್ಟಲು ಹಿಡಿದು ಬಂದರು. ಪೂಜೆಯ ವಿಷಯದಲ್ಲಿ ಅವರು ಭೇದ ಮಾಡುವವರಲ್ಲ. ಹ್ಯಾಂಡಲ್, ಚಕ್ರ, ಕನ್ನಡಿ, ಪೆಟ್ಟಿಗೆ ಎಲ್ಲಕ್ಕೂ ಬೊಟ್ಟು ಬಿತ್ತು. ಕೊನೆಗೆ ಎರಡು ವೈರು ಕಣ್ಣಿಗೆ ಬಿದ್ದವು. ಒಂದಕ್ಕೆ ಆಗಲೇ ಕೆಂಪಿತ್ತು. "ಇನ್ನೊಂದು ಯಾಕ ಬೋಳ ಇರಬೇಕು?" ಎಂದು ಅದರ ತುದಿಗೆ ಧಾರಾಳವಾಗಿ ಕುಂಕುಮ ಹಚ್ಚಿದರು. ಒದ್ದೆ ನೆಲದ ಮೇಲಿದ್ದ ಪ್ಲಸ್ ವೈರಿನ ಹಳೆಯ ಕೆಂಪು ಟೇಪು, ಪೆಟ್ಟಿಗೆ ಎತ್ತುವಾಗ, ಯಾರಿಗೂ ಹೇಳದೆ ಉದುರಿಕೊಂಡಿತು.

ಮಡಿವಾಳಪ್ಪ ಪೆಟ್ಟಿಗೆಯನ್ನು ಗಾಡಿಯಲ್ಲಿಟ್ಟರು. ಕೆಂಪು ಕಂಡ ವೈರನ್ನು ಪ್ಲಸ್ಸಿಗೆ, ಇನ್ನೊಂದನ್ನು ಮೈನಸ್ಸಿಗೆ ಬಿಗಿದರು. ಪ್ಲಸ್ಸು ಮೈನಸ್ಸು ತೋರಿಸುವ ಮೀಟರು ಅಂಗಿಯ ಕಿಸೆಯಲ್ಲಿ ಭದ್ರವಾಗಿತ್ತು. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಾಯಿತು, ಸವಿತಾ ಕೈಮುಗಿದು ಸೀಟಿನ ಮೇಲೆ ಕೂತಳು, ಮಡಿವಾಳಪ್ಪ ಮೇನ್ ಸ್ವಿಚ್ ಎತ್ತಿದರು.

ಚಟ್ ಎಂದು ಕಿಡಿ ಹಾರಿತು. ಸೀಟಿನ ಕೆಳಗಿಂದ ಹೊಗೆಯ ಎಳೆಯೊಂದು ಎದ್ದು ಊದುಬತ್ತಿಯ ಹೊಗೆಯೊಂದಿಗೆ ಸೇರಿಕೊಂಡಿತು. ನಿಂಬೆಹಣ್ಣಿಗೆ ಏನೂ ಆಗಲಿಲ್ಲ.

ಮಹಡಿಯಿಂದ ನಲ್ಲಪ್ಪನವರ ದನಿ ಕೇಳಿಸಿತು. "ಏನ್ ಮಡಿವಾಳಪ್ನೋರೇ, ಪಟಾಕಿ ದೀಪಾವಳಿಗಲ್ವಾ?"

"ಚೈನಾ ಮಾಲ್ ಸಾರ್!" ಎಂದರು ಮಡಿವಾಳಪ್ಪ. ಯೋಚಿಸಿ ಹೇಳಿದ್ದಲ್ಲ, ಬಾಯಿ ತಾನಾಗಿ ಹೇಳಿತ್ತು. ಹೇಳಿದ ಮೇಲೆ ಬಹಳ ಸಮಾಧಾನವಾಯಿತು.

ಮರುದಿನ ವಿಜಯದಶಮಿ, ಕಾರ್ಖಾನೆಗಳಿಗೆಲ್ಲ ರಜೆ. ಅದರ ಮರುದಿನ ಬೆಳಗ್ಗೆ ಏಳಕ್ಕೆ ಸವಿತಾ ಪಾಳಿಯಲ್ಲಿರಬೇಕು. ಮಡಿವಾಳಪ್ಪ ರಜೆಯ ದಿನ ಬೆಳಗ್ಗೆಯೇ ಅಂಗಳದಲ್ಲಿ ಗೋಣಿಚೀಲ ಹಾಸಿ ಪರೀಕ್ಷೆಗೆ ಕೂತರು. ಮೀಟರಿನ ಕೆಂಪು ಕಡ್ಡಿಯನ್ನು ಬ್ಯಾಟರಿಯ ಕೆಂಪು ವೈರಿಗೆ, ಕಪ್ಪು ಕಡ್ಡಿಯನ್ನು ಕಪ್ಪು ವೈರಿಗೆ ಮುಟ್ಟಿಸಿದರು. ಐವತ್ತು ವೋಲ್ಟು. ಬ್ಯಾಟರಿ ಗಟ್ಟಿಯಾಗಿದೆ. ಆದರೆ ಐವತ್ತರ ಎಡಕ್ಕೆ ಒಂದು ಪುಟ್ಟ ಅಡ್ಡಗೆರೆ ಕೂತಿತ್ತು, ಪ್ಲಸ್ಸು ಮೈನಸ್ಸು ಅದಲುಬದಲಾದರೆ ಬರುವ ಮೈನಸ್ ಗುರುತು. ಕನ್ನಡಕ ಒರೆಸಿಕೊಂಡು ನೋಡಿದರು, ಮೀಟರನ್ನು ತಟ್ಟಿ ನೋಡಿದರು. ಗೆರೆ ಕದಲಲಿಲ್ಲ. ವೈರಿನ ತುದಿ ಮುಟ್ಟಿದರೆ ಬೆರಳು ಕೆಂಪಾಯಿತು.

ಅಪರಾಧಿ ಸಿಕ್ಕಿಬಿಟ್ಟ ಸಂಭ್ರಮದಲ್ಲಿ ಅವರು ಅಡುಗೆಮನೆಗೆ ಓಡಿದರು. "ನಿನ್ನ ಕುಂಕುಮದ್ದೇ ಕೆಲಸ ಇದು! ಮೈನಸ್ಸಿಗೆ ಹಚ್ಚಿಟ್ಟೀ!"

ರುದ್ರಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಕುಂಕುಮ ನಾ ಹಚ್ಚಿದೆ. ವೈರ್ ಹಚ್ಚಿದವ್ರು ಯಾರು? ಊರ ಮಂದಿಗೆಲ್ಲ ಬಣ್ಣ ನಂಬಬ್ಯಾಡ, ಮೀಟರ್ ನಂಬು ಅಂತೀರಿ. ಮೀಟರ್ ಏನ್ ಕಿಸೇದಾಗ ಮಲಗಿತ್ತೇನು?"

ಮಡಿವಾಳಪ್ಪ ಅಂಗಳಕ್ಕೆ ವಾಪಸಾದರು.

ಇನ್ನು ಏನೇನು ಸತ್ತಿದೆ ಎಂದು ನೋಡಬೇಕಿತ್ತು. ಗಾಡಿಯನ್ನು ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರ ತಿರುಗಿಸಿದರು. ಒಳಗೆ ಯಾರೋ ಹಿಡಿದೆಳೆದ ಹಾಗೆ ಚಕ್ರ ತಡೆ ತಡೆದು ತಿರುಗಿತು. ಮೋಟಾರಿನಿಂದ, ಅದಕ್ಕೆ ಕರೆಂಟು ಅಳೆದು ಕೊಡುವ ಕಂಟ್ರೋಲರ್ ಎಂಬ ಅಲ್ಯೂಮಿನಿಯಂ ಡಬ್ಬಿಗೆ ಹೋಗುವ ಮೂರು ದಪ್ಪ ವೈರುಗಳನ್ನು ಬಿಚ್ಚಿದರು. ಈಗ ಚಕ್ರ ಹಗುರಾಗಿ ಗಿರ್ರನೆ ತಿರುಗಿತು. ಮೋಟಾರು ಬದುಕಿದೆ, ಡಬ್ಬಿಯೇ ಒಳಗೆ ಶಾರ್ಟ್ ಆಗಿದೆ. ಡಬ್ಬಿಯ ಪ್ಲಸ್ಸು ಮೈನಸ್ಸಿಗೆ ಮೀಟರ್ ಹಿಡಿದರೆ ಅದು ಬಿಡದೆ ಕಿರುಚಿ ಶಾರ್ಟನ್ನು ಖಚಿತಪಡಿಸಿತು. ಮೋಟಾರಿನೊಳಗಿನ ಮೂರು ಸೆನ್ಸರುಗಳಿಗೂ ಕೈಯಲ್ಲಿ ತಿರುಚುವ ಆಕ್ಸಿಲರೇಟರಿಗೂ ಮೊಬೈಲ್ ಚಾರ್ಜರಿನಿಂದ ಐದು ವೋಲ್ಟು ಕೊಟ್ಟು ನೋಡಿದರು. ಎಲ್ಲವೂ ಸರಿಯಾಗಿ ಉತ್ತರ ಕೊಟ್ಟವು. ದೀಪ, ಹಾರನ್ನಿನ ಕಡೆ ಹೋಗಿದ್ದು ಒಂದು ಫ್ಯೂಸ್ ಮಾತ್ರ. ಹೊಸ ಕಂಟ್ರೋಲರ್ ಹಾಕಿದರೆ ಗಾಡಿ ಮೊದಲಿನಂತೆ ಓಡುತ್ತದೆ. ಪರೀಕ್ಷೆಯಲ್ಲಿ ಒಂದೂ ಲೋಪವಿರಲಿಲ್ಲ. ಇಷ್ಟು ಅಚ್ಚುಕಟ್ಟನ್ನು ಹಿಂದಿನ ದಿನ ತೋರಿಸಿದ್ದರೆ ಪರೀಕ್ಷೆಯೇ ಬೇಕಿರಲಿಲ್ಲ.

ಅಷ್ಟರಲ್ಲಿ ಸವಿತಾ ಗೋಡೆ ಹಿಡಿದುಕೊಂಡು ಬಂದು ಕಟ್ಟೆಯ ಮೇಲೆ ಕೂತಳು. "ಏನಾಗೇತ್ರಿ ಅಣ್ಣಾರ?"

ಹೇಳಿಬಿಡಬಹುದಿತ್ತು. ಆದರೆ ಮಹಡಿಯಲ್ಲಿ ನಲ್ಲಪ್ಪನವರು ಪೇಪರ್ ಓದುವಂತೆ ನಟಿಸುತ್ತಿದ್ದರು, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಇಬ್ಬರು ಕಿವಿ ಇತ್ತ ಇಟ್ಟಿದ್ದರು. ಇಪ್ಪತ್ತೆರಡು ವರ್ಷದ ಹೆಸರು ಅಡ್ಡ ಬಂತು.

"ಕಂಟ್ರೋಲರ್ ಹೋಗೇತಿ ತಂಗಿ. ತಾನಾ ಸುಟ್ಟಿದ್ದು. ಚೈನಾ ಮಾಲಿಂದು ಹಿಂಗಾ."

"ಹೊಸಾದು ಹಾಕಿದ್ರ?"

ಸುಳ್ಳು ಒಂದಕ್ಕೇ ನಿಲ್ಲುವ ಜಾತಿಯದಲ್ಲ. "ಹಾಕಬಹುದು. ಅದೂ ಸುಡ್ತದ. ಗಾಡಿನಾ ಸರಿಯಿಲ್ಲ ಅಂದ ಮ್ಯಾಲೆ ಏನ್ ಹಾಕಿದ್ರೇನು."

ಸವಿತಾ ಗಾಡಿಯ ಕಡೆ ನೋಡಿದಳು. ಆಮೇಲೆ ತಲೆಯಾಡಿಸಿದಳು. "ನೀವಾ ಹೇಳಿದ ಮ್ಯಾಲೆ ಮುಗೀತ್ರಿ. ನಿಮ್ಮ ಕೈಯಾಗ ಆಗ್ಲಿಲ್ಲಂದ್ರ ಯಾರ ಕೈಯಾಗ ಆಗ್ತದ? ಗುಜರಿಗೆ ಹಾಕ್ತೀನ್ರಿ. ಮೂಲಿಮನಿ ಮಹಾಂತಮ್ಮ ಅಕ್ಕಾರು ಮನ್ಯಾಗ ಕುಂತು ಊದುಬತ್ತಿ ಹೊಸಿಯೋ ಕೆಲಸ ಕೊಡಸ್ತೀನಿ ಅಂದಾರ. ಹೆಂಗರ ಆಗ್ಲಿ, ಕಾಲಿಗೆ ತ್ರಾಸಿಲ್ಲ." ಅಳಲಿಲ್ಲ. ಅತ್ತಿದ್ದರೆ ಮಡಿವಾಳಪ್ಪನಿಗೆ ಗದರಿಸುವುದಕ್ಕಾದರೂ ಏನೋ ಒಂದು ಸಿಗುತ್ತಿತ್ತು. ಅವಳು ಎದ್ದು, ಗಾಡಿಯ ಹ್ಯಾಂಡಲ್ ಮೇಲಿನ ಬಾಡಿದ ಸೇವಂತಿಗೆ ಹಾರವನ್ನು ಬಿಚ್ಚತೊಡಗಿದಳು.

ಮಡಿವಾಳಪ್ಪ ಮೀಟರನ್ನು ಕೆಳಗಿಟ್ಟರು. ತಮ್ಮ ಹೆಸರು ಉಳಿಯಲೆಂದು ಒಳ್ಳೆಯ ಗಾಡಿಯೊಂದನ್ನು ಕೊಂದು, ಈ ಹುಡುಗಿಯನ್ನು ಕೋಣೆಯೊಳಗೆ ಕೂಡಿಹಾಕುತ್ತಿದ್ದೇನೆ ಎಂಬುದು ಅವರಿಗೆ ಸ್ಪಷ್ಟವಾಗಿ ಕಂಡಿತು. ಕೆಟ್ಟ ನಾಚಿಕೆಯಾಯಿತು.

"ಹಾರ ಬಿಡು ತಂಗಿ," ಎಂದರು. "ಅದು ಚೈನಾ ಮಾಲಿಂದಲ್ಲ. ಗದಗಿನ ಮಾಲಿಂದು."

"ಅಂದ್ರ?"

"ನಂದು. ನಾನಾ ಉಲ್ಟಾ ಹಚ್ಚಿದೆ. ಮೀಟರ್ ಹಿಡೀಲಿಲ್ಲ. ಗಾಡಿದು ಏನೂ ತಪ್ಪಿಲ್ಲ. ಬಾಕಿ ಎಲ್ಲಾ ಗಟ್ಟಿ ಐತಿ. ನಾಳೆ ಎಸ್.ಪಿ. ರೋಡಿನ ಅಂಗಡಿಯಿಂದ ಕಂಟ್ರೋಲರ್ ತಂದು ನಾನಾ ಕುಂಡ್ರಸ್ತೀನಿ. ಅಲ್ಲೀತನಕ ನನ್ನ ಮೊಪೆಡ್ ಮ್ಯಾಲೆ ಬಿಟ್ಟು ಬರ್ತೀನಿ."

ಬಟ್ಟೆಯ ಕಲ್ಲಿನ ಸದ್ದು ನಿಂತಿತ್ತು. ಬೈಗುಳಕ್ಕೆ ತಯಾರಾಗಿ ಅವರು ತಲೆ ತಗ್ಗಿಸಿ ಕೂತರು.

"ಖರೇನಾ?" ಎಂದಳು ಸವಿತಾ. ಅವಳ ಕಣ್ಣಲ್ಲಿ ಈಗ ನೀರು ಬಂದಿತ್ತು. "ನಿಮ್ಮದಾ ತಪ್ಪೇನ್ರಿ? ಅಯ್ಯ ಅಣ್ಣಾರ, ಇಂಥಾ ಛಲೋ ಸುದ್ದಿ ಹೊಟ್ಯಾಗ ಇಟ್ಕೊಂಡು ಕುಂತೀರಲ್ಲ!"

ಅವಳು ಗಾಡಿಯ ಸೀಟಿಗೆ ಒರಗಿಕೊಂಡೇ ಮೂಲೆಮನೆಯ ಕಡೆ ತಿರುಗಿ, ಇಡೀ ವಠಾರಕ್ಕೆ ಕೇಳುವ ಹಾಗೆ ಕೂಗಿದಳು. "ಮಹಾಂತಮ್ಮಕ್ಕಾ! ಊದುಬತ್ತಿ ಕೆಲಸ ಬ್ಯಾಡ್ರಿ ನನಗ! ಮಡಿವಾಳಪ್ಪಣ್ಣಾರು ತಪ್ಪು ಮಾಡ್ಯಾರ್ರೀ!"