ಬ್ಯಾಟರಿ ಕಾರು ಮತ್ತು ಬಸ್ಸಿನ ಸೀಟು

ರಾಯದುರ್ಗದ ಜೀನ್ಸ್ ಕಾರ್ಖಾನೆಗಳಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದ ಮೆಕ್ಯಾನಿಕ್ ನಮ್ಮ ಎದುರುಮನೆಯವನು. ಕಾರ್ಖಾನೆಯವರು ಇನ್ವರ್ಟರಿನಿಂದ ತೆಗೆದುಹಾಕಿದ ಹಳೇ ಬ್ಯಾಟರಿಗಳನ್ನು ಮನೆಗೆ ತರುತ್ತಿದ್ದ. ಎಮ್ಮೆಯ ಬೆನ್ನು ತಟ್ಟುವಂತೆ ಒಂದೊಂದನ್ನೂ ತಟ್ಟಿ, "ಇದರಾಗ ಇನ್ನೂ ಜೀವ ಐತ್ರಿ" ಎನ್ನುತ್ತಿದ್ದ. ಕೊನೆಗೆ ಅವುಗಳಿಂದ ಓಡುವ ಒಂದು ಕಾರನ್ನೇ ಕಟ್ಟಿದ. ದಿನವಿಡೀ ಜಿಪ್ ಹೊಲಿದು ಸೊಂಟ ಹಿಡಿದುಕೊಂಡಿದ್ದ ಹೆಂಡತಿಯನ್ನು ಬೊಮ್ಮನಹಾಳಿನ ತವರಿಗೆ ಆರಾಮಾಗಿ ಕರೆದೊಯ್ಯಬೇಕೆಂಬುದು ಅವನ ಆಸೆ.

ಹೊರಡುವ ದಿನ ನೋಡಿದರೆ ಕಾರಿನ ತುಂಬ ಬ್ಯಾಟರಿಗಳೇ. ಆಕೆಗೆ ಜಾಗ ಮಾಡಲು ಕೆಲವನ್ನು ಇಳಿಸಿದರೆ ಕಾರು ಅಷ್ಟು ದೂರ ಹೋಗದು. ಅವನು ತಲೆ ಕೆರೆದುಕೊಂಡು, "ನೀ ಬಸ್ಸಿಗೆ ಹೋಗು, ನಾ ಹಿಂದ ಬರ್ತೀನಿ" ಎಂದ. ಆಕೆ ಅವನ ಹೆಗಲ ಮೇಲಿನ ಟವೆಲ್ ಎಳೆದುಕೊಂಡು ಹೊರಟಳು.

ಅದೇ ಬಸ್ಸಿನಲ್ಲಿ ನಾನೂ ಇದ್ದೆ. ಆಕೆ ಪಕ್ಕದ ಸೀಟಿಗೆ ಟವೆಲ್ ಹಾಸಿ, ಕಿಟಕಿಯಿಂದ ಹಿಂದೆ ಬರುತ್ತಿದ್ದ ಗಂಡನ ಕಾರನ್ನೇ ನೋಡುತ್ತಿದ್ದಳು. ಅದು ದಾರಿಯಲ್ಲಿ ಕೆಟ್ಟು ನಿಲ್ಲದಿರಲಿ ಎಂದೋ, ನಿಲ್ಲಲಿ ಎಂದೋ, ನನಗೆ ಇಂದಿಗೂ ಗೊತ್ತಿಲ್ಲ. ಬಸ್ಸು ತುಂಬುತ್ತಾ ಬಂತು. ಕಂಡಕ್ಟರ್ ಟವೆಲ್ ಕಡೆ ಕೈ ತೋರಿಸಿದ.

"ಇದು ಯಾರ ಸೀಟಮ್ಮ?"

"ನಮ್ಮನಿಯವ್ರದ್ರಿ."

"ಎಲ್ಲಿ ಹತ್ತತಾರ?"

ಆಕೆ ಧೂಳಿನೊಳಗೆ ಬರುತ್ತಲೇ ಇದ್ದ ಕಾರನ್ನು ಮತ್ತೊಮ್ಮೆ ನೋಡಿದಳು.

"ಅದ ತಿಳೀವಲ್ದ್ರಿ."